ಮಿಲ್ಲಿನ ಅಂಗಳದಲ್ಲಿ ಸಾಲು ಚಕ್ರ

ಮೊಣಕೈ ಮುರಿದದ್ದು ಹನ್ನೆರಡು ವರ್ಷದ ಒಬ್ಬ ಹುಡುಗಿಯದು. ಅಂಗಳಕ್ಕೆ ಇಂಟರ್‌ಲಾಕ್ ಟೈಲು ಹಾಸಬೇಕೆಂದು ಕೈ ಎತ್ತಿದ ಸಭಾಭವನ ಸಮಿತಿಯ ಸದಸ್ಯರಲ್ಲಿ ಒಬ್ಬರ ಮೊಣಕೈಯೂ ಮುರಿಯಲಿಲ್ಲ. ಅರ್ಧ ಅಂಗಳಕ್ಕೆ ಹಾಸಿ, ನಡುವಿನ ಅಂಚನ್ನು ಎರಡು ಬೆರಳಿನಷ್ಟು ಎತ್ತರಕ್ಕೆ ಹಾಗೆಯೇ ಬಿಟ್ಟು, ಉಳಿದದ್ದು ಮಳೆಗಾಲ ಕಳೆದ ಮೇಲೆ ಎಂದು ಹೊರಟುಹೋದ ಗುತ್ತಿಗೆದಾರರದ್ದೂ ಮುರಿಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮಾತಿಗೆ ಕುಳಿತರೆ ನಾನು ದಾರಿ ಬಿಟ್ಟು ಎಲ್ಲೆಲ್ಲಿಗೋ ಹೋಗುವವಳು. ನನ್ನ ಜೊತೆಗೆ ನೀವೂ ದಾರಿ ತಪ್ಪಿದರೆ, ಹಿಂತಿರುಗಿ ಬರಲು ಈ ಒಂದು ಗುರುತು ನಿಮ್ಮ ಕೈಯಲ್ಲಿರಲಿ.

ನೆನಪುಗಳನ್ನು ಎಬ್ಬಿಸಿದ್ದು ನನ್ನ ಎಡಗೈ ಮಣಿಕಟ್ಟಿನ ಬಿಳಿಯ ಪಟ್ಟಿ. ಇಂದು ಬೆಳಿಗ್ಗೆ ದೋಸೆಗೆ ಚಟ್ನಿ ಬಡಿಸಿಕೊಳ್ಳುವಾಗ ಅದು ಕಣ್ಣಿಗೆ ಬಿತ್ತು. ಸುತ್ತಲಿನ ಚರ್ಮವೆಲ್ಲ ಕರಾವಳಿಯ ಬಿಸಿಲಿಗೆ ಕಪ್ಪಾಗಿದೆ. ವಾಚು ಇದ್ದಷ್ಟು ಜಾಗ ಮಾತ್ರ ಮದುಮಗಳ ಕೈಯಂತೆ ಬೆಳ್ಳಗಿದೆ. ವಾಚು ಈಗ ನನ್ನಲ್ಲಿಲ್ಲ. ಅದು ಯಾರ ಕೈಯಲ್ಲಿದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಅದು ಗಂಟೆ ನೋಡುವ ವಾಚು ಅಲ್ಲ. ಓಡುವವರು, ಈಜುವವರು, ಸೈಕಲ್ ತುಳಿಯುವವರು ಕಟ್ಟಿಕೊಳ್ಳುವ ಕ್ರೀಡಾ ವಾಚು. ಎದೆ ಎಷ್ಟು ಬಡಿಯಿತು, ಎಷ್ಟು ದೂರ ಹೋದಿರಿ ಎಂಬುದನ್ನೆಲ್ಲ ಹೇಳಿ, ಕೊನೆಯಲ್ಲಿ ನೀವು ಹೋದ ದಾರಿಯನ್ನು ನಕ್ಷೆಯ ಮೇಲೆ ಒಂದು ಕೆಂಪು ಗೆರೆಯಾಗಿ ಎಳೆದು ತೋರಿಸುತ್ತದೆ. ಮಸ್ಕತ್ತಿನಲ್ಲಿರುವ ನನ್ನ ತಂಗಿಯ ಗಂಡ ಸದಾನಂದ ಕಳೆದ ಬಾರಿ ರಜೆಯಲ್ಲಿ ಬಂದಾಗ ತಂದುಕೊಟ್ಟದ್ದು.

"ಅಕ್ಕ, ನೀವು ಮನವಿ ಬರೆಯುವಾಗ ಇದನ್ನು ಕಟ್ಟಿಕೊಳ್ಳಿ. ಬಿ.ಪಿ. ಎಷ್ಟು ಏರ್ತದೆ ಅಂತ ನಿಮಗೂ ಗೊತ್ತಾಗಬೇಕಲ್ವಾ" ಎಂದ.

ಈ ವಾಚು ಬಿ.ಪಿ. ನೋಡುವುದಿಲ್ಲ ಎಂದು ಪೆಟ್ಟಿಗೆಯ ಮೇಲೆಯೇ ಬರೆದಿತ್ತು. ನೋಡುತ್ತದೆಂದು ಹೇಳಿ ಮಾರಿದ ಅಂಗಡಿಯವನದು ತಪ್ಪು ಎಂದು ನಾನೆಂದೆ. ಸದಾನಂದ ನಕ್ಕು ಎದ್ದುಹೋದ.

ನನ್ನ ಈ ಸ್ವಭಾವಕ್ಕೆ ನಾನು ಓದಿದ ಶಾಲೆಯೇ ಹೊಣೆ. ಅಲ್ಲಿ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಪತ್ರಿಕೆಯ ಒಂದು ಸುದ್ದಿಯನ್ನು ಓದಿಸಿ, "ಇದರಲ್ಲಿ ಅನ್ಯಾಯ ಆದದ್ದು ಯಾರಿಗೆ?" ಎಂದು ಟೀಚರು ಕೇಳುತ್ತಿದ್ದರು. ಹವಾಮಾನದ ಸುದ್ದಿಯನ್ನು ಓದಿದರೂ ಅದೇ ಪ್ರಶ್ನೆ. ನಾವು ಮಕ್ಕಳು ತಲೆ ಕೆರೆದು, ಮಳೆ ಬಂದರೆ ಛಾವಣಿ ಇಲ್ಲದವರಿಗೆ ಎನ್ನುತ್ತಿದ್ದೆವು. ಆ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಮಣಿಪಾಲದ ಕಾಲೇಜೊಂದರಲ್ಲಿ ಗ್ರಂಥಪಾಲಕಿಯಾಗಿ ದುಡಿಯುತ್ತ, ಬಿಡುವಿನ ವೇಳೆಯಲ್ಲಿ ಬಸ್ ನಿಲ್ದಾಣದ ಶೌಚಾಲಯದಿಂದ ಹಿಡಿದು ಅಂಗನವಾಡಿಯ ಮೊಟ್ಟೆಯವರೆಗೆ ಮನವಿ ಬರೆಯುತ್ತ ಐವತ್ತು ದಾಟಿದ್ದೇನೆ. ನನ್ನ ಗಂಡ ಸುಧಾಕರ ಕಾರ್ಕಳದ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುವವರು. ನೆಂಟರ ಮುಂದೆ ಅವರು ಹೇಳುವುದುಂಟು: "ಇವಳ ಮುಂದೆ ಮಸಾಲೆ ದೋಸೆ ತಂದಿಡಿ. ತಿನ್ನುವ ಮೊದಲು, ಅದನ್ನು ಹೊಯ್ದವನಿಗೆ ವಾರದ ರಜೆ ಉಂಟಾ ಅಂತ ಕೇಳ್ತಾಳೆ." ಕೇಳುವುದು ಹೌದು. ದೋಸೆ ತಣ್ಣಗಾಗುವುದೂ ಹೌದು. ಆದರೆ ಹಾಗೆ ಕೇಳಿದ ಎಷ್ಟೋ ಕಡೆಗಳಲ್ಲಿ ವಾರದ ರಜೆ ಇರಲಿಲ್ಲ ಎಂಬುದನ್ನು ಅವರು ನೆಂಟರಿಗೆ ಹೇಳುವುದಿಲ್ಲ.

ಇಂಥ ನಾನು ಕಾಲಿಗೆ ಚಕ್ರ ಕಟ್ಟಿಕೊಂಡದ್ದು ತನ್ವಿಯಿಂದಾಗಿ. ತನ್ವಿ ಎಂದರೆ ಸದಾನಂದನ ಮಗಳು, ನನ್ನ ತಂಗಿ ಶಶಿಕಲಾಳ ಒಬ್ಬಳೇ ಹುಡುಗಿ. ಅವರ ಮನೆ ಶಂಕರಪುರದಿಂದ ಕಟಪಾಡಿಗೆ ಬರುವ ದಾರಿಯಲ್ಲಿದೆ; ಅದು ನನ್ನ ತವರೂ ಹೌದು. ಮನೆಯ ಹಿಂದೆ ಮಲ್ಲಿಗೆಯ ತೋಟ. ಹುಡುಗಿ ವಾರಕ್ಕೆರಡು ಸಂಜೆ ಸ್ಕೇಟಿಂಗ್ ಕಲಿಯಲು ಬಸ್ಸು ಹಿಡಿದು ಮಣಿಪಾಲಕ್ಕೆ ಬರುತ್ತಿದ್ದಳು. ಗ್ರಂಥಾಲಯದ ಬಾಗಿಲು ಹಾಕಿ ಬಂದು, ಸ್ಕೇಟಿಂಗ್ ಅಂಕಣದ ಬದಿಯಲ್ಲಿ ನಾನು ಅವಳಿಗಾಗಿ ಕಾಯುತ್ತಿದ್ದೆ. ಕಾಯುವವರಿಗೆಂದು ಅಲ್ಲಿದ್ದದ್ದು ಒಂದು ಮುರುಕು ಬೆಂಚು. ಈ ಬೆಂಚಿನ ಬಗ್ಗೆ ನಾನು ಮನವಿ ಬರೆಯುವ ಮೊದಲೇ ಕೋಚ್ ಬಂದು, "ಮೇಡಂ, ಕೂತು ಕೂತು ಬೇಜಾರಾಗ್ತದೆ ಅಲ್ವಾ? ನಿಮ್ಮ ಅಳತೆಯ ಒಂದು ಜೊತೆ ಉಂಟು" ಎಂದರು. ನನ್ನನ್ನು ಸುಮ್ಮನಾಗಿಸಲು ಹೂಡಿದ ಉಪಾಯ ಅದಾಗಿತ್ತೆಂದು ಈಗ ಅನುಮಾನ.

ಇನ್‌ಲೈನ್ ಸ್ಕೇಟ್ ಎಂದರೆ ಬೂಟಿನ ಅಡಿಯಲ್ಲಿ ನಾಲ್ಕು ಚಕ್ರ, ಒಂದರ ಹಿಂದೊಂದು, ಒಂದೇ ಸಾಲಿನಲ್ಲಿ. ನಿಂತರೆ ಕಾಲು ಒಳಕ್ಕೋ ಹೊರಕ್ಕೋ ವಾಲುತ್ತದೆ. ಚಲಿಸಿದರೆ ಮಾತ್ರ ನೆಟ್ಟಗಾಗುತ್ತದೆ. ಯಾವ ಪಕ್ಷದ ಕಡೆಗೂ ವಾಲದೆ ಇಷ್ಟು ವರ್ಷ ನೆಟ್ಟಗೆ ನಿಂತ ನಾನು, ಅಂದು ಸಂಜೆ ಎಡಕ್ಕೂ ಬಲಕ್ಕೂ ವಾಲಿ, ಕೊನೆಗೆ ನಡುವಿನಲ್ಲಿ ಕುಳಿತೆ.

ಕುಳಿತ ತಕ್ಷಣ ವಾಚು ಗುಯ್‌ಗುಟ್ಟಿತು. ನೀವು ಜೋರಾಗಿ ಬಿದ್ದಂತಿದೆ, ಕ್ಷೇಮವೇ ಎಂದು ಇಂಗ್ಲಿಷಿನಲ್ಲಿ ಕೇಳಿತು. ಕ್ಷೇಮವೆಂದು ಒತ್ತಬೇಕು, ಒತ್ತದಿದ್ದರೆ ಸ್ವಲ್ಪ ಹೊತ್ತಿನಲ್ಲಿ ಅದು ತಾನಾಗಿಯೇ ಮನೆಯವರಿಗೆ ಫೋನು ಮಾಡುತ್ತದೆ. ಒತ್ತುವುದು ಹೇಗೆ? ಮಣಿಕಟ್ಟಿನ ಮೇಲೆ ಗಟ್ಟಿ ಪ್ಲಾಸ್ಟಿಕ್ಕಿನ ರಕ್ಷಾಕವಚ, ಅದರಡಿಯಲ್ಲಿ ವಾಚು. ಕವಚದ ಪಟ್ಟಿ ಬಿಚ್ಚುವಷ್ಟರಲ್ಲಿ ಫೋನು ಹೋಗಿಯಾಗಿತ್ತು. ಕಾರ್ಕಳದಿಂದ ಹೊರಟ ಬಸ್ಸಿನಲ್ಲಿ ಕಂಬ ಹಿಡಿದು ನಿಂತಿದ್ದ ಸುಧಾಕರರ ಧ್ವನಿ ನನ್ನ ಕೈಯಿಂದಲೇ ಕೇಳಿಸಿತು.

"ಬಿದ್ದೆಯಾ?"

"ಹೌದು."

"ಎದ್ದೆಯಾ?"

"ಪ್ರಯತ್ನದಲ್ಲಿದ್ದೇನೆ."

ಮುಂದೆ ಇದೊಂದು ಪದ್ಧತಿಯಾಯಿತು. ನಾನು ಬೀಳುವುದು, ವಾಚು ಚಾಡಿ ಹೇಳುವುದು, ಅವರು ಅದೇ ಎರಡು ಪ್ರಶ್ನೆ ಕೇಳಿ ಫೋನು ಇಡುವುದು. ಆ ಬಸ್ಸಿನ ಕಂಡಕ್ಟರಿಗೂ ಅದು ಬಾಯಿಪಾಠವಾಗಿ, "ಸರ್, ಅಕ್ಕ ಇವತ್ತು ಎಷ್ಟು ಸಲ?" ಎಂದು ಕೇಳತೊಡಗಿದನಂತೆ. ಖಾಸಗಿತನದ ಉಲ್ಲಂಘನೆಯ ಕುರಿತು ವಾಚಿನ ಕಂಪನಿಗೆ ನಾನು ಬರೆದ ಮಿಂಚಂಚೆಗೆ ಇನ್ನೂ ಉತ್ತರ ಬಂದಿಲ್ಲ.

ಅದಕ್ಕಿಂತ ದೊಡ್ಡ ತಕರಾರು ಇನ್ನೊಂದಿದೆ. ವ್ಯಾಯಾಮ ಶುರುಮಾಡುವ ಮೊದಲು ಏನು ಮಾಡುತ್ತಿದ್ದೀರೆಂದು ವಾಚಿಗೆ ತಿಳಿಸಬೇಕು. ಅದರ ಪಟ್ಟಿಯಲ್ಲಿ ಗಾಲ್ಫ್ ಉಂಟು, ಹಾಯಿದೋಣಿ ಉಂಟು, ಹಿಮದ ಮೇಲೆ ಜಾರುವ ನಾಲ್ಕು ಬಗೆಯ ಆಟಗಳುಂಟು. ಉಡುಪಿ ಜಿಲ್ಲೆಯಲ್ಲಿ ಹಿಮ ಎಲ್ಲಿ ಬೀಳುತ್ತದೆಯೆಂದು ಯಾರಾದರೂ ಹೇಳಲಿ. ಇನ್‌ಲೈನ್ ಸ್ಕೇಟಿಂಗ್ ಮಾತ್ರ ಆ ಪಟ್ಟಿಯಲ್ಲಿರಲಿಲ್ಲ. ನಾನು "ನಡಿಗೆ" ಎಂದು ಒತ್ತಿದೆ. ಜಾರುವಾಗ ಹೆಜ್ಜೆಗಳು ಕಡಿಮೆ, ದೂರ ಹೆಚ್ಚು. ಹಾಗಾಗಿ ಒಂದೊಂದು ಹೆಜ್ಜೆಗೆ ಒಂದೊಂದು ಹೊಳೆ ದಾಟಿದ ದೈತ್ಯೆಯೆಂದು ವಾಚು ನನ್ನನ್ನು ತಿಳಿಯಿತು. "ಓಟ" ಎಂದೆ, ನನ್ನ ಬಾಳಿನ ಅತಿ ವೇಗದ ಓಟವೆಂದು ಪದಕದ ಚಿತ್ರ ತೋರಿಸಿತು. ಆ ಪದಕವನ್ನು ನಾನು ಇಡೀ ಒಂದು ವಾರ ಎಲ್ಲರಿಗೂ ತೋರಿಸಿದೆ. ಆಮೇಲೆ ತನ್ವಿ ವಾಚು ಕಸಿದು, ನಾಲ್ಕಾರು ಬಾರಿ ಒತ್ತಿ, "ಇತರೆ" ಎಂಬ ಮೂಲೆಯೊಳಗೆ ಅಡಗಿದ್ದ ನಮ್ಮ ಆಟವನ್ನು ಹುಡುಕಿ ತೆಗೆದಳು.

"ದೊಡ್ಡಮ್ಮ, ಇಲ್ಲಿ ಉಂಟು ನೋಡಿ. ಇದಕ್ಕೂ ಮನವಿ ಬರೆದಾಯ್ತಾ?"

"ಬರೆದೆ. ಆದರೂ ಇತರೆಯೊಳಗೆ ಯಾಕೆ ಇಡಬೇಕಿತ್ತು?"

"ನಮ್ಮನ್ನು ಎಲ್ಲ ಕಡೆಯೂ ಅಲ್ಲಿಯೇ ಇಡುವುದಲ್ವಾ" ಎಂದು ಚಕ್ರದ ಧೂಳು ಒರೆಸಿದಳು. ಆ ಉತ್ತರ ಕೇಳಿದ್ದರೆ ನನ್ನ ಟೀಚರು ಅವಳಿಗೆ ಪೂರ್ತಿ ಅಂಕ ಕೊಡುತ್ತಿದ್ದರು.

ವಾರಕ್ಕೆ ಎರಡು ಸಂಜೆ ಸಾಲುವುದಿಲ್ಲ, ಜಿಲ್ಲಾ ಆಯ್ಕೆಗೆ ಹೋಗಬೇಕೆಂದಿದ್ದರೆ ದಿನವೂ ಜಾರಬೇಕು ಎಂದರು ಕೋಚ್. ಅಲ್ಲಿಂದ ನಮ್ಮ ನೆಲಶೋಧನೆ ಶುರುವಾಯಿತು. ನುಣುಪಾದ ನೆಲವನ್ನು ಹುಡುಕುತ್ತ ದೊಡ್ಡಮ್ಮ ಮತ್ತು ಮಗಳು ರವಿವಾರಗಳಲ್ಲಿ ಜಿಲ್ಲೆ ತಿರುಗಿದೆವು. ಅದೆಲ್ಲವೂ ವಾಚಿನ ನಕ್ಷೆಯಲ್ಲಿ ಕೆಂಪು ಗೆರೆಯಾಗಿ ಉಳಿದಿದೆ. ಕಾಪುವಿನ ಕಡಲಿಗೆ ಹೋಗುವ ದಾರಿಯಲ್ಲಿ ಒಂದು ಗೆರೆ, ಒಮ್ಮೆಗೇ ಕಡಿದುಹೋಗುತ್ತದೆ. ಅಲ್ಲಿಂದ ಮುಂದೆ ಇಂಟರ್‌ಲಾಕ್. ಹೂಡೆಯಲ್ಲಿ ರಸ್ತೆ ನುಣುಪು, ಆದರೆ ಗಾಳಿಗೆ ಬಂದು ಕೂತ ಮರಳು ಚಕ್ರಕ್ಕೆ ಸಿಕ್ಕಿ, ಗೆರೆ ಅಲ್ಲಿ ಒಣಮೀನಿನಂತೆ ಸೊಟ್ಟಗಾಗಿದೆ. ಬಲೆ ಹೊಲಿಯುತ್ತ ಕುಳಿತಿದ್ದ ಒಬ್ಬರು, "ಎಂತ ಅಕ್ಕ, ಈ ಪ್ರಾಯದಲ್ಲಿ? ದೋಣಿಗಾದರೂ ಬನ್ನಿ, ಬಿದ್ದರೆ ನೀರು, ನೋವಾಗುವುದಿಲ್ಲ" ಎಂದು ಕರೆದರು. ಕಾರ್ಕಳದಲ್ಲಿ ಸುಧಾಕರರ ಶಾಲೆಯ ಮೈದಾನಕ್ಕೆ ಹೋದೆವು; ಮುಖ್ಯೋಪಾಧ್ಯಾಯರು ಬಹಳ ಆದರದಿಂದ ತೋರಿಸಿದ ಹೊಸ ಅಂಗಳ ಅಂಚಿನಿಂದ ಅಂಚಿಗೆ ಇಂಟರ್‌ಲಾಕ್.

ಈ ಇಂಟರ್‌ಲಾಕ್ ನಮ್ಮ ಜಿಲ್ಲೆಗೆ ಹಿಡಿದ ಒಂದು ಗೀಳು. ಅಂಗಳ ಕಂಡಲ್ಲಿ ಹಾಸುತ್ತೇವೆ, ಹಾಸಿದ್ದಕ್ಕೆ ಅಭಿವೃದ್ಧಿ ಎನ್ನುತ್ತೇವೆ, ಉದ್ಘಾಟನೆಯ ಫಲಕದಲ್ಲಿ ಹೆಸರು ಕೆತ್ತಿಸುತ್ತೇವೆ. ಗಾಲಿಕುರ್ಚಿಯವರು ಅದರ ಮೇಲೆ ಗಡಗಡ ನಡುಗುತ್ತ ಹೋಗುತ್ತಾರೆ. ಊರುಗೋಲು ಅದರ ಸಂದಿಗೆ ಸಿಕ್ಕಿಕೊಳ್ಳುತ್ತದೆ. ತಳ್ಳುಗಾಡಿಯಲ್ಲಿ ಮಲಗಿದ ಮಗು ಎಚ್ಚರಗೊಂಡು ಅಳುತ್ತದೆ. ಸ್ಕೇಟಿನ ಚಕ್ರಕ್ಕಂತೂ ಪ್ರತಿಯೊಂದು ಸಂದಿಯೂ ಒಂದು ಹೊಂಡ. ಗಾಲಿಯಿರುವ ಯಾರನ್ನೂ ಕೇಳದೆ ನೆಲವನ್ನು ತೀರ್ಮಾನಿಸುವುದು ಅನ್ಯಾಯ. ಇದನ್ನು ನಾನು ಕಾರ್ಕಳದ ಆ ಅಂಗಳದಲ್ಲಿಯೇ ಹೇಳಿದೆ. ಮುಖ್ಯೋಪಾಧ್ಯಾಯರು ಎಳನೀರು ತರಿಸಿದರು. ಸುಧಾಕರ ಆಕಾಶ ನೋಡಿದರು.

ಜಿಲ್ಲೆಯೆಲ್ಲ ತಿರುಗಿ ನಾವು ಹುಡುಕಿದ ನೆಲ ಕೊನೆಗೆ ಸಿಕ್ಕಿದ್ದು ತವರಿನ ಗೇಟಿನ ಎದುರಿಗೆ.

ಅಲ್ಲಿ ನನ್ನ ಬಾಲ್ಯದಲ್ಲಿ ಅಕ್ಕಿಯ ಮಿಲ್ಲು ಇತ್ತು. ಕುಚ್ಚಲಕ್ಕಿ ಮಾಡುವ ಮಿಲ್ಲು. ಬೇಯಿಸಿದ ಭತ್ತವನ್ನು ಒಣಗಿಸಲು ಮುಂದುಗಡೆ ದೊಡ್ಡದೊಂದು ಸಿಮೆಂಟಿನ ಅಂಗಳ. ಮಳೆನೀರು ನಿಲ್ಲದಂತೆ ನಡುವೆ ಆಮೆಯ ಬೆನ್ನಿನಷ್ಟೇ ಉಬ್ಬು, ಅಂಚಿಗೆ ಇಳಿಜಾರು. ಬೆಳಗಿನ ಜಾವಕ್ಕೆ ಹಬೆಯಾಡುವ ಭತ್ತವನ್ನು ತಂದು ಹರವುತ್ತಿದ್ದರು. ಅದರ ವಾಸನೆ ನಮ್ಮ ಮನೆಯ ಚಾಪೆ, ದಿಂಬು, ಪಠ್ಯಪುಸ್ತಕಗಳಲ್ಲೆಲ್ಲ ಸೇರಿಕೊಂಡಿತ್ತು. ಇಂದಿಗೂ ಗಂಜಿಯ ಪಾತ್ರೆಯ ಮುಚ್ಚಳ ತೆಗೆದರೆ ನನಗೆ ನಾಲ್ಕನೆಯ ತರಗತಿಯ ಸಮಾಜ ಪಾಠ ನೆನಪಾಗುತ್ತದೆ.

ಹರವಿದ ಭತ್ತವನ್ನು ಆಗಾಗ ಮಗುಚಬೇಕು. ಅದಕ್ಕೆ ಹೆಂಗಸರು ಕೈಯನ್ನಾಗಲಿ ಕೋಲನ್ನಾಗಲಿ ಬಳಸುತ್ತಿರಲಿಲ್ಲ, ಕಾಲನ್ನು ಬಳಸುತ್ತಿದ್ದರು. ಪಾದವನ್ನು ನೆಲದಿಂದ ಎತ್ತದೆ, ಒಂದು ಕಾಲನ್ನು ಓರೆಯಾಗಿ ಮುಂದಕ್ಕೆ ಜಾರಿಸಿ, ಅದರ ಮೇಲೆ ಮೈಭಾರ ಹಾಕಿ, ಹಿಂದಿನ ಕಾಲನ್ನು ಎಳೆದು ತಂದು, ಅದನ್ನು ಮತ್ತೆ ಓರೆಯಾಗಿ ಜಾರಿಸುವುದು. ಪಾತ್ರೆಯಲ್ಲಿ ಕೈಯಾಡಿಸುವ ಹಾಗೆ ಅಂಗಳದಲ್ಲಿ ಕಾಲಾಡಿಸುವುದು. ಹತ್ತು ಹೆಂಗಸರು ಸೀರೆ ಎತ್ತಿ ಸಿಕ್ಕಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಸಾಲಾಗಿ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದರು. ಅವರು ಹೋದಲ್ಲೆಲ್ಲ ಬಂಗಾರದ ಬಣ್ಣದಲ್ಲಿ ಉದ್ದುದ್ದನೆಯ ಗೆರೆಗಳು. ಸಾಲಿನ ಮುಂದೆ ಯಾವಾಗಲೂ ಗಿರಿಜಕ್ಕ. ಎತ್ತರದ ಹೆಂಗಸು, ಬಾಯ್ತುಂಬ ಎಲೆಯಡಿಕೆ, ತಿರುವಿನಲ್ಲಿ ಸೊಂಟವನ್ನು ಸ್ವಲ್ಪವೇ ಬಾಗಿಸಿ ಹೊರಳುವ ಗತ್ತು. ನಾವು ಹುಡುಗಿಯರು ಕೊನೆಯಲ್ಲಿ ಸೇರಿಕೊಂಡು ಜಾರುತ್ತಿದ್ದೆವು. ಭತ್ತ ಚೆಲ್ಲಿದರೆ, "ಕಾಲು ಎತ್ತಬೇಡ ಮಗಾ, ಎಳಿ!" ಎಂದು ಗಿರಿಜಕ್ಕ ತಿರುಗಿ ನೋಡದೆಯೇ ಗದರುತ್ತಿದ್ದರು.

ಮಿಲ್ಲಿನ ಒಳಗೆ ಮೂಟೆ ಹೊರುವ ಗಂಡಸರಿಗೊಂದು ಸಂಬಳ, ಬಿಸಿಲಿನಲ್ಲಿ ಕಾಲು ಸುಟ್ಟುಕೊಳ್ಳುವ ಈ ಹೆಂಗಸರಿಗೆ ಅದಕ್ಕಿಂತ ಕಡಿಮೆ. ರವಿವಾರ ಅಂಗಳ ಖಾಲಿಯಿದ್ದಾಗ ಅದು ಹುಡುಗರ ಕ್ರಿಕೆಟ್ಟಿಗೆ. ಹುಡುಗಿಯರಿಗೆ ಆ ನೆಲದ ಮೇಲೆ ಕಾಲಿಡುವ ಹಕ್ಕು ಇದ್ದದ್ದು ಭತ್ತವಿದ್ದಾಗ ಮಾತ್ರ. ಆಟವೆಂದರೂ ಅದು ಕೆಲಸವೇ ಆಗಿರಬೇಕಿತ್ತು. ಇದನ್ನು ತಪ್ಪೆಂದು ಹೆಸರಿಸಲು ನನಗೆ ಆಗ ಮಾತು ಇರಲಿಲ್ಲ. ಈಗ ಇದೆ, ಆದ್ದರಿಂದ ಹೆಸರಿಸುತ್ತಿದ್ದೇನೆ.

ಮಿಲ್ಲು ನಿಂತು ವರ್ಷಗಳಾದವು. ಊರವರು ಸೇರಿ ಆ ಜಾಗದಲ್ಲಿ ಸಭಾಭವನ ಕಟ್ಟಿದರು. ಮದುವೆ, ಮುಂಜಿ, ಸತ್ಯನಾರಾಯಣ ಪೂಜೆ. ಅಂಗಳ ಮಾತ್ರ ಹಾಗೆಯೇ ಉಳಿಯಿತು. ಎಷ್ಟೋ ಹೆಂಗಸರ ಪಾದಗಳು ತಿಕ್ಕಿ ತಿಕ್ಕಿ ಕನ್ನಡಿ ಮಾಡಿಟ್ಟ ಅಂಗಳ. ಮಾಘದ ಒಂದು ಮುಂಜಾನೆ ತನ್ವಿ ಅದರ ಮೇಲೆ ಸ್ಕೇಟು ಕಟ್ಟಿ ಮೊದಲ ಸುತ್ತು ಹೊಡೆದು ಬಂದು, "ದೊಡ್ಡಮ್ಮ, ಶಬ್ದವೇ ಬರುವುದಿಲ್ಲ!" ಎಂದು ಉಸಿರುಗಟ್ಟಿ ಹೇಳಿದಾಗ, ನನಗೂ ಸ್ವಲ್ಪ ಉಸಿರುಗಟ್ಟಿತು. ವಾಚು ನನ್ನ ಎದೆಬಡಿತ ಏರಿದೆಯೆಂದಿತು. ನಾನು ಇನ್ನೂ ಬೂಟಿನ ದಾರವನ್ನೇ ಕಟ್ಟಿರಲಿಲ್ಲ.

ಆ ಬೇಸಿಗೆಯೆಲ್ಲ ನಾವು ಅಲ್ಲಿ ಸುತ್ತಿದೆವು. ಅಕ್ಕಪಕ್ಕದ ಮನೆಗಳ ಮೂರು ನಾಲ್ಕು ಹುಡುಗಿಯರು ಸೇರಿಕೊಂಡರು. ಶಶಿಕಲಾ ಕೊಯ್ದ ಮಲ್ಲಿಗೆಯ ಬುಟ್ಟಿ ತಂದು ಅಂಗಳದ ಕಟ್ಟೆಯ ಮೇಲೆ ಕುಳಿತು, ಬಾಳೆನಾರಿನಲ್ಲಿ ಹೂ ಕಟ್ಟುತ್ತ ನಮ್ಮನ್ನು ಕಾಯುತ್ತಿದ್ದಳು. ನಮ್ಮ ಪ್ರೇಕ್ಷಕರೂ ಅವಳೇ, ತೀರ್ಪುಗಾರರೂ ಅವಳೇ.

"ಅಕ್ಕ, ನೀನು ಎಮ್ಮೆ ನೀರಿಗೆ ಇಳಿದ ಹಾಗೆ ಹೋಗ್ತಿ ಮಾರಾಯ್ತಿ. ಹುಡುಗಿಯನ್ನು ನೋಡು."

ಹುಡುಗಿಯನ್ನು ನೋಡಿದೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಒಂದು ಕಾಲನ್ನು ಓರೆಯಾಗಿ ಜಾರಿಸಿ, ಭಾರ ಹಾಕಿ, ಇನ್ನೊಂದನ್ನು ಎಳೆದು ತಂದು ಹೋಗುತ್ತಿದ್ದಳು. ತಿರುವಿನಲ್ಲಿ ಸೊಂಟ ಸ್ವಲ್ಪವೇ ಬಾಗಿತು. ನಾನು ಎಲ್ಲಿಯೋ ನೋಡಿದ್ದೇನಲ್ಲ ಇದನ್ನು ಎಂದುಕೊಳ್ಳುತ್ತಲೇ ಬಿದ್ದೆ. ಕೈಯಿಂದ ಸುಧಾಕರರ ಧ್ವನಿ: "ಬಿದ್ದೆಯಾ?"

ಸಂಜೆ ವಾಚಿನ ನಕ್ಷೆಯನ್ನು ಅವರಿಗೆ ತೋರಿಸುತ್ತಿದ್ದೆ. ಅಂಗಳದ ತುಂಬ ಒಂದರ ಮೇಲೊಂದು ಕೆಂಪು ದೀರ್ಘವೃತ್ತಗಳು. "ನನ್ನ ಎಂಟನೇ ಕ್ಲಾಸಿನವರು ಇದಕ್ಕಿಂತ ಚಂದ ಬಿಡಿಸ್ತಾರೆ" ಎಂದು ಮೊದಮೊದಲು ನಗುತ್ತಿದ್ದವರು, ಮೇ ತಿಂಗಳ ಹೊತ್ತಿಗೆ ಕನ್ನಡಕ ಹಾಕಿ ನೋಡಿ, "ಇದು ಚಂದ ಉಂಟು" ಎಂದರು. ತನ್ವಿ ವಾಚು ಕಟ್ಟಿಕೊಂಡು ಹೊಡೆದ ಸುತ್ತು ಅದು. ನನ್ನದೆಂದು ಹೇಳಿಕೊಳ್ಳುವ ಆಸೆಯನ್ನು ಕಷ್ಟಪಟ್ಟು ತಡೆದೆ.

ಅದೇ ಮೇ ತಿಂಗಳ ಕೊನೆಯಲ್ಲಿ ಸಮಿತಿಯವರು ಅಂಗಳಕ್ಕೆ ಇಂಟರ್‌ಲಾಕ್ ಹಾಸಲು ಶುರುಮಾಡಿದರು. ಮದುವೆಗೆ ಬರುವ ಕಾರುಗಳು ನಿಲ್ಲುವ ಜಾಗ ಅಂದವಾಗಿ ಕಾಣಬೇಕಂತೆ. ಅರ್ಧ ಮುಗಿಯುವಾಗ ಮಳೆ ಹಿಡಿಯಿತು. ಉಳಿದರ್ಧದ ಟೈಲುಗಳು ಗೇಟಿನ ಪಕ್ಕ ಟಾರ್ಪಾಲಿನ ಕೆಳಗೆ ಕುಳಿತವು. ಕೃಷ್ಣಾಷ್ಟಮಿ ಕಳೆದು ಬಿಸಿಲು ಬಂದ ಮೇಲೆ ನಾವು ಉಳಿದರ್ಧದಲ್ಲಿಯೇ ಸುತ್ತತೊಡಗಿದೆವು. ನಕ್ಷೆಯ ದೀರ್ಘವೃತ್ತ ಈಗ ಯಾರೋ ಕಚ್ಚಿ ಬಿಟ್ಟ ದೋಸೆಯಂತಾಯಿತು.

ಒಂದು ದಿನ ಇಳಿಜಾರಿನಲ್ಲಿ ವೇಗವಾಗಿ ಬಂದ ತನ್ವಿಗೆ ತಿರುಗಲು ಹಿಂದಿದ್ದಷ್ಟು ಜಾಗವಿರಲಿಲ್ಲ. ಚಕ್ರ ಆ ಎದ್ದ ಅಂಚಿಗೆ ಬಡಿಯಿತು. ಕವಚವಿದ್ದರೂ ಮೊಣಕೈ ಅಂಚಿನ ಮೇಲೆಯೇ ಬಿತ್ತು. ಅವಳ ಕೂಗು ಕೇಳಿ ನಾನು ಓಡಲು ಹೋಗಿ, ಕಾಲಲ್ಲಿ ಚಕ್ರವಿರುವುದನ್ನು ಮರೆತು ಬಿದ್ದೆ. ವಾಚು ನನ್ನನ್ನು ಕೇಳಿತು, ಕ್ಷೇಮವೇ ಎಂದು. ಅವಳನ್ನು ಕೇಳಲಿಲ್ಲ. ಅವಳ ಕೈಯಲ್ಲಿ ವಾಚಿರಲಿಲ್ಲ. ನಾನು ಮೊಣಕಾಲಿನಲ್ಲಿ ತೆವಳುತ್ತ ಅವಳ ಹತ್ತಿರ ಹೋಗುತ್ತಿದ್ದಾಗ ಕೈಯಿಂದ ಆ ಪರಿಚಿತ ಧ್ವನಿ ಬಂತು.

"ಬಿದ್ದೆಯಾ?"

"ನಾನಲ್ಲ. ತನ್ವಿ."

ಎರಡನೆಯ ಪ್ರಶ್ನೆ ಬರಲಿಲ್ಲ. ಸುಧಾಕರ ಉಡುಪಿಯ ಆಸ್ಪತ್ರೆಗೆ ಬಂದಾಗ ಅವರ ಬೆರಳುಗಳಲ್ಲಿ ಇನ್ನೂ ಸೀಮೆಸುಣ್ಣದ ಬಣ್ಣವಿತ್ತು.

ಕೈಗೆ ಪ್ಲಾಸ್ಟರ್ ಕಟ್ಟಿಸಿಕೊಂಡು ಮನೆಗೆ ಬಂದ ಹುಡುಗಿ ಅಳಲಿಲ್ಲ. ಅತ್ತದ್ದು ಶಶಿಕಲಾ. "ಸಾಕು ಅಕ್ಕ. ಇವಳಪ್ಪ ಅಲ್ಲಿದ್ದಾರೆ, ನಾನು ಒಬ್ಬಳೇ ಇಲ್ಲಿ. ಇನ್ನು ಉಳಿದದ್ದಕ್ಕೂ ಟೈಲು ಹಾಕ್ತಾರಂತೆ. ಮತ್ತೆ ಇವಳು ಎಲ್ಲಿ ಆಡುವುದು, ರಸ್ತೆಯಲ್ಲಾ? ಬೇಡ. ಬಿಟ್ಟುಬಿಡಲಿ."

"ಟೈಲು ಹಾಕದಿದ್ದರೆ?" ಎಂದಳು ತನ್ವಿ.

"ಹಾಕದಿದ್ದರೆ ಮತ್ತೆ ನೋಡುವ" ಎಂದಳು ಶಶಿಕಲಾ, ಸೆರಗಿನಿಂದ ಮುಖ ಒರೆಸುತ್ತ. ನಮ್ಮ ಕಡೆ "ನೋಡುವ" ಎಂದರೆ ಅರ್ಧ ಒಪ್ಪಿಗೆ. ಉಳಿದರ್ಧ, ಟಾರ್ಪಾಲಿನ ಕೆಳಗಿತ್ತು.

ನಾನು ಮನವಿ ಬರೆದೆ. ವಾಚಿನ ಎರಡು ನಕ್ಷೆಗಳನ್ನು, ಮಾರ್ಚಿನ ಇಡೀ ವೃತ್ತ ಮತ್ತು ಸೆಪ್ಟೆಂಬರಿನ ಕಚ್ಚಿದ ವೃತ್ತ, ಬಣ್ಣದಲ್ಲಿ ಮುದ್ರಿಸಿ ಲಗತ್ತಿಸಿದೆ. ಗಾಲಿಕುರ್ಚಿ, ಊರುಗೋಲು, ಮಳೆನೀರಿನ ಹರಿವು, ಲಿಂಗ ಸಮಾನತೆ, ಮಕ್ಕಳ ಆಟದ ಹಕ್ಕು ಎಲ್ಲವೂ ಅದರಲ್ಲಿತ್ತು. ಸಮಿತಿಯ ಅಧ್ಯಕ್ಷರು ಶ್ರೀಧರಣ್ಣ. ಬಹ್ರೇನಿನಲ್ಲಿ ಇಪ್ಪತ್ತು ವರ್ಷ ದುಡಿದು ಬಂದವರು, ಊರಿನ ಯಾವ ಕೆಲಸಕ್ಕೂ ಇಲ್ಲವೆನ್ನದವರು. ಸಭಾಭವನದ ಕಚೇರಿಯಲ್ಲಿ ನನ್ನ ಮನವಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಅಷ್ಟನ್ನು ಓದಿದ ಮೊದಲ ಅಧ್ಯಕ್ಷರು ಅವರೇ. ಆಮೇಲೆ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದು ಎಂತ ವಾರಿಜಕ್ಕ, ಮೊಟ್ಟೆಯಾ?"

"ಅದು ಮಕ್ಕಳು ಸುತ್ತಿದ ದಾರಿ. ಇದು ಟೈಲು ಹಾಕಿದ ಮೇಲೆ."

"ಇದು ಒಡೆದ ಮೊಟ್ಟೆ. ಅಲ್ಲ, ನೀವು ಬೇಜಾರು ಮಾಡಬೇಡಿ. ಹುಡುಗಿಯ ಕೈ ಮುರಿದದ್ದು ನನಗೂ ಸಂಕಟ ಉಂಟು. ಆದರೆ ಕಾರಿನವರು ಕೇಳ್ತಾರೆ. ಈ ಹಳೇ ಸಿಮೆಂಟು ನೋಡಿ ಬೀಗರು ಎಂತ ಹೇಳಿಯಾರು? ಮತ್ತೆ ಆ ಚಕ್ರದ ಆಟ, ಅದು ನಮ್ಮ ಊರಿನದ್ದಾ ಹೇಳಿ. ಪೇಟೆಯವರ ಶೋಕಿ."

ನಾನು ಸಿದ್ಧಪಡಿಸಿಕೊಂಡು ಹೋಗಿದ್ದ ವಾದಗಳು ಮುಗಿದಿದ್ದವು. ಆ ಆಟ ಹೇಗಿರುತ್ತದೆಂದಾದರೂ ಇವರು ನೋಡಲಿ ಎಂದುಕೊಂಡು ಚಪ್ಪಲಿ ಬಿಟ್ಟು ಎದ್ದೆ. ಕಚೇರಿಯ ನುಣುಪು ನೆಲದ ಮೇಲೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಒಂದು ಪಾದವನ್ನು ಓರೆಯಾಗಿ ಜಾರಿಸಿ, ಭಾರ ಹಾಕಿ, ಹಿಂದಿನದನ್ನು ಎಳೆದು ತಂದೆ. ಬೀರುವಿನವರೆಗೆ ಹೋಗಿ, ಸೊಂಟ ಬಾಗಿಸಿ ತಿರುಗಿದೆ. ಐವತ್ತು ದಾಟಿದ ಗ್ರಂಥಪಾಲಕಿ ಸೀರೆಯ ನೆರಿಗೆ ಹಿಡಿಯದೆ ಕಚೇರಿಯೊಳಗೆ ಜಾರುವುದನ್ನು ಖಜಾಂಚಿಯವರು ಬಾಯಿ ತೆರೆದು ನೋಡುತ್ತಿದ್ದರು.

ಶ್ರೀಧರಣ್ಣ ನನ್ನ ಪಾದಗಳನ್ನೇ ನೋಡಿದರು.

"ಇನ್ನೊಮ್ಮೆ ಮಾಡಿ" ಎಂದರು.

ಮಾಡಿದೆ.

"ಇದು ಅಮ್ಮನದ್ದಲ್ವಾ" ಎಂದರು. ಖಜಾಂಚಿಯವರ ಕಡೆ ತಿರುಗಿ, "ನೋಡಿದ್ರಾ? ಭತ್ತಕ್ಕೆ ಕಾಲಾಡಿಸುವುದು. ಅಮ್ಮ ಹೀಗೆಯೇ ತಿರುಗುತ್ತಿದ್ದದ್ದು" ಎಂದರು.

ಶ್ರೀಧರಣ್ಣ ಗಿರಿಜಕ್ಕನ ಮಗ. ಅದು ನನಗೆ ಗೊತ್ತಿತ್ತು. ರವಿವಾರ ಕ್ರಿಕೆಟ್ ಆಡುತ್ತಿದ್ದ ಹುಡುಗರಲ್ಲಿ ಅವರೂ ಒಬ್ಬರು. ಆದರೆ ಹುಡುಗಿಯರ ಚಕ್ರದಲ್ಲಿ ಗಿರಿಜಕ್ಕನ ಕಾಲಿದೆಯೆಂಬುದು ನನಗೂ ಆ ಕ್ಷಣದವರೆಗೆ ಪೂರ್ತಿಯಾಗಿ ತಿಳಿದಿರಲಿಲ್ಲ. ಗಿರಿಜಕ್ಕ ಈಗಿಲ್ಲ. ಅವರ ಬೆನ್ನಟ್ಟಿ ಕಲಿತದ್ದು ನನ್ನ ಪಾದದಲ್ಲಿ ಉಳಿದಿತ್ತು. ತನ್ವಿಗೆ ಅದನ್ನು ಯಾರೂ ಕಲಿಸಿರಲಿಲ್ಲ, ಆ ನೆಲದ ಮೇಲೆ ಜಾರುವವರು ಹಾಗೆಯೇ ಜಾರುತ್ತಾರೆ, ಅಷ್ಟೇ.

ಶ್ರೀಧರಣ್ಣ ಎದ್ದು ಹೊರಗೆ ಬಂದು, ಅಂಗಳದ ಆ ಎದ್ದ ಅಂಚಿನ ಬಳಿ ಕುಕ್ಕರಗಾಲಿನಲ್ಲಿ ಕುಳಿತು ಬೆರಳಿನಿಂದ ಮುಟ್ಟಿ ನೋಡಿದರು. "ನಾನೊಬ್ಬನೇ ಹೇಳಿದರೆ ಆಗುವುದಿಲ್ಲ ಅಕ್ಕ. ಸಮಿತಿ ಉಂಟು. ಟೈಲು ಬಂದಾಗಿದೆ. ಸದ್ಯಕ್ಕೆ ಕೆಲಸ ನಿಲ್ಲಿಸ್ತೇನೆ, ಮುಂದಿನ ಮೀಟಿಂಗಿನಲ್ಲಿ ಇಡ್ತೇನೆ" ಎಂದರು. ಅಷ್ಟನ್ನು ಅವರು ಮಾಡಿದ್ದಾರೆ. ಅದಕ್ಕಾಗಿ ಅವರಿಗೆ ನನ್ನ ಕೃತಜ್ಞತೆ ಸಲ್ಲುತ್ತದೆ.

ತನ್ವಿಯ ಪ್ಲಾಸ್ಟರ್ ಬಿಚ್ಚಿದ್ದಾರೆ. ಚಕ್ರಕ್ಕೆ ಇನ್ನೂ ಕೆಲವು ವಾರ ಬಿಡುವು, ನಡೆಯಬಹುದು ಎಂದಿದ್ದಾರೆ ವೈದ್ಯರು. ವಾಚು ಈಗ ಅವಳ ಕೈಯಲ್ಲಿದೆ. ದಿನವೂ ಮುಂಜಾನೆ ಬರಿಗಾಲಿನಲ್ಲಿ ಅಂಗಳಕ್ಕೆ ಇಳಿದು, ಪಾದವನ್ನು ನೆಲದಿಂದ ಎತ್ತದೆ ಎಳೆಯುತ್ತ ಸುತ್ತುತ್ತಾಳಂತೆ. ಕಟ್ಟೆಯ ಮೇಲೆ ಶಶಿಕಲಾ ಮಲ್ಲಿಗೆ ಕಟ್ಟುತ್ತಾಳಂತೆ. ಟೈಲಿನ ರಾಶಿಗೆ ಬೆನ್ನು ಹಾಕಿ ಕುಳಿತಿರುತ್ತಾಳಂತೆ. ನಿನ್ನೆ ತನ್ವಿ ನನ್ನ ಫೋನಿಗೆ ಒಂದು ನಕ್ಷೆ ಕಳಿಸಿದಳು. ಕೆಂಪು ಗೆರೆ ಉಳಿದರ್ಧವನ್ನು ಸುತ್ತಿ, ಅಂಚಿನ ಬಳಿ ನಿಂತು, ಆಮೇಲೆ ಅಂಚನ್ನು ದಾಟಿ ಇಂಟರ್‌ಲಾಕಿನ ಮೇಲೆಯೂ ಹೋಗಿ, ಹಳೆಯ ದೀರ್ಘವೃತ್ತವನ್ನು ಪೂರ್ತಿ ಮಾಡಿದೆ. ಕೆಳಗೆ ಬರೆದಿದ್ದಳು: "ನಡೆದದ್ದು ದೊಡ್ಡಮ್ಮ. ಜಾಗ ಮರೆಯಬಾರದಲ್ವಾ." ಸುಧಾಕರ ಅದನ್ನು ಬಹಳ ಹೊತ್ತು ನೋಡಿ, ಮುದ್ರಿಸಿ ತಮ್ಮ ಶಾಲೆಯ ಚಿತ್ರಕಲೆಯ ಕೋಣೆಯಲ್ಲಿ ಅಂಟಿಸಲು ತೆಗೆದುಕೊಂಡು ಹೋಗಿದ್ದಾರೆ.

ಆದ್ದರಿಂದ ಸಭಾಭವನದ ಆಡಳಿತ ಸಮಿತಿಯ ಎಲ್ಲ ಸದಸ್ಯರಿಗೆ, ಅಧ್ಯಕ್ಷರನ್ನು ಸೇರಿಸಿ, ಹೆಸರು ಹೆಸರಾಗಿ ಅಲ್ಲದಿದ್ದರೂ ಮುಖ ಮುಖವಾಗಿ ಹೇಳುತ್ತೇನೆ. ತುಳಸಿ ಪೂಜೆ ಕಳೆದರೆ ಮದುವೆಗಳು ಆರಂಭವಾಗುತ್ತವೆ. ಅದಕ್ಕೆ ಮೊದಲು ನಿಮ್ಮ ಸಭೆ ನಡೆಯಬೇಕು. ಗೇಟಿನ ಬಳಿಯ ಟೈಲುಗಳನ್ನು ತಂದವರಿಗೆ ಹಿಂದಕ್ಕೆ ಕಳುಹಿಸಿ. ಹಾಸಿದ ಅರ್ಧವನ್ನು ಕೀಳಿಸಿ, ಕೆಳಗಿರುವ ಸಿಮೆಂಟನ್ನು ತೊಳೆಸಿ. ಅದು ಕೆಟ್ಟಿಲ್ಲ, ಮುಚ್ಚಿಹೋಗಿದೆ ಅಷ್ಟೆ. ಮದುವೆ ಇಲ್ಲದ ಮುಂಜಾನೆಗಳಲ್ಲಿ ಗೇಟಿಗೆ ಬೀಗ ಹಾಕಬೇಡಿ. ಆ ಸಭೆಗೆ ತನ್ವಿಯನ್ನೂ ಕರೆಯಿರಿ. ಅವಳು ಬಂದು ನಿಂತಾಗ, ಕಡತ ತೆರೆಯುವ ಮೊದಲು, ಈವರೆಗೆ ನಿಮ್ಮಲ್ಲಿ ಯಾರೂ ಅವಳನ್ನು ಕೇಳದ ಎರಡು ಮಾತುಗಳನ್ನು ಕೇಳಿ. ಕಷ್ಟದ ಮಾತುಗಳಲ್ಲ, ಕಾರ್ಕಳದ ಬಸ್ಸಿನ ಕಂಡಕ್ಟರಿಗೂ ಬರುತ್ತವೆ.

ಬಿದ್ದೆಯಾ ಮಗಾ? ಎದ್ದೆಯಾ?